ಬೆರಳು ನಮ್ಮದು, ಬೀಗವೂ ನಮ್ಮದೇ ಆಗಿರಲಿ



ಕಳೆದ ತಿಂಗಳು ಒಂದು ಭಾನುವಾರ ನಾವು ಹತ್ತು-ಹನ್ನೆರಡು ಮಂದಿ ದುಬೈನ ಅಲ್ ಕೂಸ್‌ನಲ್ಲಿರುವ ಕ್ಯಾಂಪಿನಲ್ಲಿ ಚಹಾಕ್ಕೆ ಕೂತಿದ್ದೆವು. ಊರಿನ ಮಳೆ, ವಿಮಾನದ ಟಿಕೆಟ್ ರೇಟು, ಓವರ್‌ಟೈಮ್ ಎಲ್ಲ ಮಾತಾಡಿ ಮುಗಿದ ಮೇಲೆ, ಅಷ್ಟು ಹೊತ್ತು ಸುಮ್ಮನಿದ್ದ ಒಬ್ಬರು ಬಾಯಿ ಬಿಟ್ಟರು. ಕುಂದಾಪುರದ ಕಡೆಯವರು, ಹದಿನಾಲ್ಕು ವರ್ಷದಿಂದ ಟೈಲ್ಸ್ ಹಾಕುವ ಕೆಲಸ. "ಮಾರಾಯ್ರೆ, ನನ್ನ ಫೋನಿಗೆ ನನ್ನ ಬೆರಳೇ ಬೇಡ ಆಯ್ತು. ಬೇರೆಯವರ ಬೆರಳು ಮಾತ್ರ ಚೆನ್ನಾಗಿ ಗೊತ್ತು ಅದಕ್ಕೆ" ಅಂದರು. ಮೊದಲು ನಾವು ನಕ್ಕೆವು. ಪೂರ್ತಿ ಕೇಳಿದ ಮೇಲೆ ಯಾರೂ ನಗಲಿಲ್ಲ.

ಸಿಮೆಂಟು ಕಲಸಿ ಕಲಸಿ ಅವರ ಬೆರಳ ತುದಿಯ ಗೆರೆಗಳು ಸವೆದಿವೆ. ಫೋನು ಹತ್ತು ಸಲಕ್ಕೆ ಒಂದು ಸಲ ತೆರೆದರೆ ಹೆಚ್ಚು. ಡ್ಯೂಟಿಯಿಂದ ಬಂದು ಮಲಗಿದಾಗ ಮನೆಯಿಂದ ಫೋನು ಬಂದರೆ ನೋಡಲಿ, ಹಾಡು ಹಾಕಲಿ ಎಂದು ಪಕ್ಕದ ಬಂಕಿನ ಗೆಳೆಯನ ಬೆರಳನ್ನೂ ಎರಡು ವರ್ಷದ ಹಿಂದೆ ತಮ್ಮ ಫೋನಿಗೆ ಸೇರಿಸಿದ್ದರು. ಒಂದೇ ತಟ್ಟೆಯಲ್ಲಿ ಉಂಡವರು, ಸಂಶಯ ಎಲ್ಲಿಂದ ಬರಬೇಕು? ಮೊನ್ನೆ ಆ ಗೆಳೆಯನ ತಾಯಿ ಆಸ್ಪತ್ರೆ ಸೇರಿದರು. ಕೈಯಲ್ಲಿ ಕಾಸಿಲ್ಲ. ಇವರು ನೈಟ್ ಡ್ಯೂಟಿ ಮುಗಿಸಿ ನಿದ್ದೆಯಲ್ಲಿದ್ದಾಗ ಫೋನ್ ತೆಗೆದು, ಬ್ಯಾಂಕಿನ ಆಪ್‌ಗೆ ಬೆರಳಿಟ್ಟು, 1,800 ದಿರ್ಹಮ್ ತನ್ನ ಖಾತೆಗೆ ಹಾಕಿಕೊಂಡ. ಸಂಬಳ ಬಂದ ಕೂಡಲೇ ವಾಪಸ್ ಹಾಕಿ ಹೇಳೋಣ ಅಂದುಕೊಂಡಿದ್ದನಂತೆ. ಆ ವಾರವೇ ಇವರು ಮಗಳ ಕಾಲೇಜಿನ ಫೀಸು ಕಳಿಸಲು ಹೋದರೆ ಖಾತೆ ಖಾಲಿ.

ಬ್ಯಾಂಕಿಗೆ ಫೋನ್ ಮಾಡಿದರೆ ಬಂದ ಉತ್ತರ: "ನಿಮ್ಮದೇ ಫೋನಿನಿಂದ, ಬೆರಳು ಇಟ್ಟು ಒಪ್ಪಿಗೆ ಕೊಟ್ಟಿದ್ದೀರಿ." ಹಣ ಎರಡು ಕಂತಿನಲ್ಲಿ ವಾಪಸ್ ಬಂತು. ಆದರೆ ಇಬ್ಬರೂ ಈಗ ಬೇರೆ ಬೇರೆ ರೂಮಿನಲ್ಲಿದ್ದಾರೆ. ತಪ್ಪು ಯಾರದು ಎಂದು ತೀರ್ಪು ಕೊಡಲು ನಾವು ಇದನ್ನು ಬರೆಯುತ್ತಿಲ್ಲ. ನಮ್ಮಲ್ಲಿ ಎಷ್ಟು ಜನರ ಫೋನಿನಲ್ಲಿ ಹೀಗೆ ಇನ್ನೊಬ್ಬರ ಬೆರಳಿದೆ ಎಂದು ಅಲ್ಲೇ ಕೇಳಿದಾಗ ಐದು ಕೈ ಮೇಲೆದ್ದವು. ಅದಕ್ಕೇ ಈ ಲೇಖನ.

ಮೊದಲು ಒಂದು ಮಾತು. ಬೆರಳಿನ ಬೀಗ ಕೆಟ್ಟದ್ದಲ್ಲ. 2013ರಲ್ಲಿ ಐಫೋನ್ 5ಎಸ್ ಬಂದ ಮೇಲೆ ಇದು ಮನೆಮಾತಾಯಿತು. ಅದಕ್ಕೂ ಮೊದಲು ನಮ್ಮಲ್ಲಿ ಎಷ್ಟೋ ಜನ ಫೋನಿಗೆ ಬೀಗವನ್ನೇ ಹಾಕುತ್ತಿರಲಿಲ್ಲ, ಹಾಕಿದರೂ 1234. ಕಂಪನಿ ಬಸ್ಸಿನಲ್ಲಿ, ಮೆಟ್ರೋದಲ್ಲಿ ಪಿನ್ ಒತ್ತಿದರೆ ಹಿಂದಿನವರು ನೋಡಿಬಿಡಬಹುದು. ಬೆರಳಿಗೆ ಆ ಭಯವಿಲ್ಲ. ಫೋನ್ ಬಿದ್ದು ಹೋದರೆ ಸಿಕ್ಕವರು ತೆರೆಯುವುದೂ ಸುಲಭವಲ್ಲ. ಯಾರೋ ಅಪರಿಚಿತರ ಬೆರಳು ನಮ್ಮದಕ್ಕೆ ಹೊಂದುವ ಸಾಧ್ಯತೆ 50,000ಕ್ಕೆ ಒಂದು ಎಂದು ಆಪಲ್ ಕಂಪನಿ ಹೇಳುತ್ತದೆ. ಐದು ಬೆರಳು ಸೇರಿಸಿದರೆ ಅದು 10,000ಕ್ಕೆ ಒಂದಾಗುತ್ತದೆ. ಐದು ಸಲ ತಪ್ಪಿದರೆ ಫೋನು ಬೆರಳು ಬಿಟ್ಟು ಪಾಸ್‌ಕೋಡ್ ಕೇಳುತ್ತದೆ.

ನಮ್ಮ ಬೆರಳಿನ ಫೋಟೋ ಕಂಪನಿಗೆ ಹೋಗುತ್ತದಾ ಎಂದು ಬಹಳ ಜನ ಕೇಳುತ್ತಾರೆ. ಒಳ್ಳೆಯ ಫೋನುಗಳಲ್ಲಿ ಹಾಗಿಲ್ಲ. ಗೆರೆಗಳ ಗುರುತನ್ನು ಲೆಕ್ಕದ ರೂಪಕ್ಕೆ ತಂದು, ಫೋನಿನ ಒಳಗೇ ಪ್ರತ್ಯೇಕ ಭದ್ರ ಜಾಗದಲ್ಲಿ ಇಡುತ್ತಾರೆ. ಬ್ಯಾಂಕಿಗೂ ಅದು ಸಿಗುವುದಿಲ್ಲ. ಬ್ಯಾಂಕಿನ ಆಪ್‌ಗೆ ಫೋನು ಹೇಳುವುದು ಇಷ್ಟೇ: "ಇಲ್ಲಿ ಸೇರಿಸಿದ ಬೆರಳುಗಳಲ್ಲಿ ಒಂದು ಹೊಂದಿತು." ಅದು ಯಾರ ಬೆರಳು ಎಂದು ಹೇಳುವುದೇ ಇಲ್ಲ. ನಮ್ಮ ಟೈಲ್ಸ್ ಕೆಲಸದ ಅಣ್ಣನಿಗೆ ಆದದ್ದೂ ಇದೇ. ಹಾಡಿಗೆ ಎಂದು ಕೊಟ್ಟ ಬೆರಳು ಖಜಾನೆಗೂ ಸೇರಿ ಕೊಟ್ಟ ಕೀಲಿಕೈ.

ಬೆರಳಿನ ಬೀಗಕ್ಕೆ ಇನ್ನೂ ಕೆಲವು ದೌರ್ಬಲ್ಯಗಳಿವೆ. ನಿದ್ದೆಯಲ್ಲಿರುವವರ ಬೆರಳನ್ನು ಮೆಲ್ಲಗೆ ಒತ್ತಿಸಿದರೂ ಫೋನು ತೆರೆಯುತ್ತದೆ. ಆರು-ಎಂಟು ಜನ ಮಲಗುವ ರೂಮಿನಲ್ಲಿ ಇದು ಸಣ್ಣ ಮಾತಲ್ಲ. 2013ರಲ್ಲೇ, ಐಫೋನ್ 5ಎಸ್ ಅಂಗಡಿಗೆ ಬಂದ ಕೆಲವೇ ದಿನಕ್ಕೆ, ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್‌ನವರು ಗಾಜಿನ ಮೇಲಿನ ಬೆರಳಚ್ಚಿನ ಫೋಟೋ ತೆಗೆದು ನಕಲಿ ಬೆರಳು ಮಾಡಿ ತೆರೆದು ತೋರಿಸಿದರು. 2019ರಲ್ಲಿ ಸ್ಯಾಮ್‌ಸಂಗ್ ಎಸ್10 ಫೋನಿಗೆ ಕೆಲವು ಸಿಲಿಕಾನ್ ಕವರ್ ಹಾಕಿದರೆ ಯಾರ ಬೆರಳಿಗೂ ತೆರೆಯುತ್ತಿತ್ತು. ಆಮೇಲೆ ಕಂಪನಿ ಅಪ್‌ಡೇಟ್ ಕೊಟ್ಟು ಸರಿಮಾಡಿತು.

ಎಲ್ಲಕ್ಕಿಂತ ದೊಡ್ಡದು, ಪಿನ್ ಕದ್ದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲು ಬರುವುದಿಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರು, ಆಧಾರ್ ಬೆರಳಚ್ಚಿನ ಮೂಲಕ ತಮ್ಮ ಖಾತೆಯಿಂದ ಹಣ ಹೋಗಿದೆ ಎಂದು ಪೊಲೀಸರಿಗೆ ದೂರು ಕೊಟ್ಟಿದ್ದರು. ಅದು ಫೋನಿನ ಬೀಗವಲ್ಲ, ಬೇರೆ ವ್ಯವಸ್ಥೆ. ಆದರೆ ಊರಲ್ಲಿ ಜಾಗ, ಮನೆ ಮಾಡುವ ನಮಗೆ ಅದೂ ಸಂಬಂಧಪಟ್ಟದ್ದೇ. ಆಧಾರ್ ಆಪ್ ಅಥವಾ ಯುಐಡಿಎಐ ವೆಬ್‌ಸೈಟಿನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಬಹುದು, ಬೇಕಾದಾಗ ತೆಗೆಯಬಹುದು. ಒಟಿಪಿ ಆಧಾರ್‌ಗೆ ಜೋಡಿಸಿದ ಊರಿನ ನಂಬರಿಗೆ ಬರುತ್ತದೆ, ಆದ್ದರಿಂದ ಆ ಸಿಮ್ ಬಂದ್ ಆಗದಂತೆ ರೀಚಾರ್ಜ್ ಮಾಡುತ್ತಿರಿ. ಊರಿನ ಯುಪಿಐನಲ್ಲೂ 2025ರ ಅಕ್ಟೋಬರ್‌ನಿಂದ ಪಿನ್ ಬದಲು ಬೆರಳು, ಮುಖ ಬಳಸುವ ಅವಕಾಶ ಬಂದಿದೆ. ಹಾಗಾಗಿ ಮನೆಯವರಿಗೂ ಈ ಮಾತು ಹೇಳಿಬಿಡಿ.

ಹಾಗಾದರೆ ಏನು ಮಾಡೋದು? ಚಹಾ ಆರುವುದರೊಳಗೆ ನಾವೆಲ್ಲ ಸೇರಿ ಮಾಡಿದ್ದನ್ನೇ ಇಲ್ಲಿ ಬರೆಯುತ್ತೇವೆ.

1. ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಬೆರಳು ಸೇರಿವೆ ನೋಡಿ. ನಿಮ್ಮದಲ್ಲದ್ದನ್ನು ತೆಗೆಯಿರಿ. ಯಾವುದು ಯಾರದು ಗೊತ್ತಾಗದಿದ್ದರೆ ಎಲ್ಲ ಅಳಿಸಿ ಹೊಸದಾಗಿ ಹಾಕಿ.

2. ಪಿನ್ ಯಾರಿಗಾದರೂ ಗೊತ್ತಿದ್ದರೆ ಇವತ್ತೇ ಬದಲಿಸಿ. ಪಿನ್ ಗೊತ್ತಿದ್ದವರು ತಮ್ಮ ಬೆರಳನ್ನೂ ಸೇರಿಸಿಕೊಳ್ಳಬಹುದು. ನಾಲ್ಕು ಅಂಕಿಗೆ 10,000 ಜೋಡಣೆ, ಆರು ಅಂಕಿಗೆ 10 ಲಕ್ಷ. ಆರನ್ನೇ ಇಡಿ. ಹುಟ್ಟಿದ ತಾರೀಕು ಬೇಡ.

3. ಫೋನ್ ತೆರೆಯಲು ಬೆರಳು ಇರಲಿ. ರೂಮಿನಲ್ಲಿ ಜನ ಹೆಚ್ಚಿದ್ದರೆ ಬ್ಯಾಂಕ್ ಮತ್ತು ಹಣ ಕಳಿಸುವ ಆಪ್‌ಗಳಲ್ಲಿ ಬೆರಳು ಬಂದ್ ಮಾಡಿ, ಬೇರೆಯದೇ ಪಿನ್ ಇಡಿ. ತಿಂಗಳಿಗೆ ಒಂದೆರಡು ಸಲ ಹಣ ಕಳಿಸುವವರಿಗೆ ನಾಲ್ಕು ಸೆಕೆಂಡು ಹೆಚ್ಚಾದರೆ ನಷ್ಟವೇನಿಲ್ಲ.

4. ಮಲಗುವ ಮೊದಲು ಫೋನನ್ನು ಆಫ್ ಮಾಡಿ ಆನ್ ಮಾಡಿದರೆ, ಮೊದಲ ಸಲ ಪಿನ್ ಹಾಕುವವರೆಗೂ ಬೆರಳು ನಡೆಯುವುದಿಲ್ಲ. ಅಲಾರಂ ಬೇಕಾದವರು ಅದು ಹೊಡೆಯುತ್ತದೋ ಎಂದು ಒಂದು ಸಲ ನೋಡಿಕೊಳ್ಳಿ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಮೆನುವಿನಲ್ಲಿ 'ಲಾಕ್‌ಡೌನ್' ಅಂತಲೂ ಇರುತ್ತದೆ, ಅದೂ ಇದೇ ಕೆಲಸ ಮಾಡುತ್ತದೆ.

5. ಬೆರಳು ಸವೆದವರು ಕೆಲಸದಲ್ಲಿ ಕಮ್ಮಿ ಬಳಸುವ ಬೆರಳನ್ನು, ಎಡಗೈಯ ಕಿರುಬೆರಳಾದರೂ ಸರಿ, ರಜೆಯ ದಿನ ಕೈ ತೊಳೆದು ಒರೆಸಿಕೊಂಡು ಸೇರಿಸಿ. ಅದೇ ಬೆರಳನ್ನು ಎರಡು ಸಲ ಸೇರಿಸಿದರೆ ಬೇಗ ಗುರುತು ಹಿಡಿಯುತ್ತದೆ.

6. ಹಣ ಹೋದರೆ ಮೊದಲು ಬ್ಯಾಂಕಿಗೆ ಹೇಳಿ ಖಾತೆ ನಿಲ್ಲಿಸಿ, ಆಮೇಲೆ ಪೊಲೀಸ್. ಊರಲ್ಲಿರುವವರಿಗೆ ಸೈಬರ್ ವಂಚನೆಯ ಸಹಾಯವಾಣಿ 1930.

ಇದನ್ನೆಲ್ಲ ಮಾಡುವಾಗ ರೂಮಿನವರು ಬೇಜಾರು ಮಾಡಿಕೊಂಡರೆ? ಆ ಪ್ರಶ್ನೆಯೂ ಬಂತು. ಉತ್ತರ ಕೊಟ್ಟವರು ಟೈಲ್ಸ್ ಅಣ್ಣನೇ. "ಅವನ ಬೆರಳು ನಾನು ಸೇರಿಸದೇ ಇದ್ದಿದ್ದರೆ ಅವನು ನನ್ನ ಹತ್ತಿರ ಬಾಯಿಬಿಟ್ಟು ಕೇಳ್ತಿದ್ದ. ನಾನು ಕೊಡ್ತಿದ್ದೆ. ಇವತ್ತೂ ಒಂದೇ ರೂಮಲ್ಲಿ ಇರ್ತಿದ್ವಿ" ಅಂದರು.

ಮುಂದಿನ ಭಾನುವಾರ ಚಹಾಕ್ಕೆ ಬರುವವರು ಫೋನಿಗೆ ಚಾರ್ಜ್ ಮಾಡಿಕೊಂಡು ಬನ್ನಿ. ಹೇಗೆ ಮಾಡೋದು ಅಂತ ನಾವು ತೋರಿಸುತ್ತೇವೆ. ಫೋನನ್ನು ಮಾತ್ರ ನಮ್ಮ ಕೈಗೆ ಕೊಡಬೇಡಿ, ನೀವೇ ಮಾಡಿ.