ನವ್ ಶಾಪೆಲ್ಲಿನ ಕಂದಕದಲ್ಲಿ ಒಬ್ಬ ಗಢವಾಲಿ ಕಾಲಾಳು

1915ನೆಯ ಇಸವಿಯ ಏಪ್ರಿಲ್ 28ರ ಲಂಡನ್ ಗೆಜೆಟ್ಟಿನಲ್ಲಿ, 39ನೆಯ ಗಢವಾಲ್ ರೈಫಲ್ಸಿನ ಎರಡನೆಯ ಪಟಾಲಮಿಗೆ ಸೇರಿದ್ದ ಗಬರ್ ಸಿಂಗ್ ನೇಗಿ ಎಂಬ ಸಿಪಾಯಿಗೆ ಮರಣಾನಂತರ ವಿಕ್ಟೋರಿಯಾ ಕ್ರಾಸ್ ಪದಕವನ್ನು ಕೊಟ್ಟ ವಾರ್ತೆಯಿದೆ. ಶತ್ರುಗಳ ಮುಖ್ಯ ಕಂದಕವನ್ನು ಕೈಬಾಂಬುಗಳೊಡನೆ ಹೊಕ್ಕ ಸನೀನುಧಾರಿಗಳ ತುಕಡಿಯಲ್ಲಿ ಇವನೊಬ್ಬನೆಂದೂ, ಕಂದಕದ ಪ್ರತಿಯೊಂದು ತಿರುವನ್ನೂ ಎಲ್ಲರಿಗಿಂತ ಮೊದಲು ದಾಟಿದವನು ಇವನೇ ಎಂದೂ, ವೈರಿಗಳು ಹಿಮ್ಮೆಟ್ಟಿ ಕಡೆಗೆ ಶರಣಾದರೆಂದೂ, ಆ ಕಾಳಗದಲ್ಲಿಯೇ ಇವನು ಮಡಿದನೆಂದೂ ಅದರಲ್ಲಿ ಹೇಳಿದೆ. ಇಷ್ಟೇ ಮಾತು. ಆದರೆ ‘ಪ್ರತಿಯೊಂದು ತಿರುವನ್ನೂ ಮೊದಲು ದಾಟಿದವನು’ ಎಂಬುದರ ಅರ್ಥ ಓದುಗರ ಮನಸ್ಸಿಗೆ ಇಳಿಯಬೇಕಾದರೆ ಮೊದಲನೆಯ ಮಹಾಯುದ್ಧದ ರೀತಿಯನ್ನೂ ಆ ಕಂದಕಗಳ ರಚನೆಯನ್ನೂ ಸ್ವಲ್ಪ ಸಾವಧಾನವಾಗಿ ತಿಳಿಯಬೇಕಾಗುತ್ತದೆ.

ಹಿಮಾಲಯದ ತಪ್ಪಲಿನಲ್ಲಿ, ಟೆಹ್ರಿ ಸಂಸ್ಥಾನದ ಚಂಬಾ ಎಂಬ ಊರಿನ ಸಮೀಪದ ಹಳ್ಳಿಯೊಂದರಲ್ಲಿ ಹುಟ್ಟಿದ ಈ ತರುಣನು, ಮೆಟ್ಟಿಲು ಮೆಟ್ಟಿಲಾದ ಬೆಟ್ಟದ ಹೊಲಗಳು ಸಂಸಾರಕ್ಕೆ ಸಾಲದ ನಾಡಿನ ಅನೇಕ ಯುವಕರಂತೆ ಲ್ಯಾನ್ಸ್‌ಡೌನ್ ದಂಡಿಗೆ ಹೋಗಿ ಸಿಪಾಯಿಯಾದನು. ಆ ಕಾಲದಲ್ಲಿ ಕಾಲಾಳಿನ ಸಂಬಳ ತಿಂಗಳಿಗೆ ಹನ್ನೊಂದು ರೂಪಾಯಿ. 1914ರ ಶರತ್ಕಾಲದಲ್ಲಿ ಭಾರತದ ಸೈನ್ಯವು ಮಾರ್ಸೇಲ್ಸ್ ರೇವಿನಲ್ಲಿ ಇಳಿದಾಗ, ಅದುವರೆಗೆ ಅಭ್ಯಾಸವಾಗಿದ್ದ ಬಂದೂಕುಗಳನ್ನು ಹಿಂದಕ್ಕೆ ಪಡೆದು ಹೊಸ ಮಾದರಿಯವನ್ನು ಕೈಗೆ ಕೊಟ್ಟರು. ಚಳಿಗಾಲದ ಉಡುಪುಗಳು ಮಾತ್ರ ಎಲ್ಲರಿಗೂ ಸಕಾಲದಲ್ಲಿ ಒದಗಲಿಲ್ಲ. ಹಿಮವನ್ನು ಹುಟ್ಟಿನಿಂದ ಬಲ್ಲವರಾದರೂ, ಮೊಳಕಾಲುದ್ದದ ತಣ್ಣನೆಯ ಕೆಸರಿನಲ್ಲಿ ಹಗಲಿರುಳು ನಿಂತು ಪಾದಗಳು ಸೆಟೆದು ಕೊಳೆಯುವುದನ್ನು ಗಢವಾಲಿಗಳು ಹಿಂದೆಂದೂ ಕಂಡಿರಲಿಲ್ಲ.

ಫ್ರಾನ್ಸಿನ ಉತ್ತರದಲ್ಲಿರುವ ನವ್ ಶಾಪೆಲ್ ಎಂಬ ಚಿಕ್ಕ ಗ್ರಾಮವನ್ನು ಹಿಡಿದು, ಅದರಾಚೆಯ ಓಬೆರ್ ದಿಬ್ಬವನ್ನು ಏರಬೇಕೆಂಬುದು ಬ್ರಿಟಿಷ್ ಸೇನಾಪತಿ ಹೇಗನ ಉದ್ದೇಶವಾಗಿತ್ತು. ವಿಮಾನಗಳಿಂದ ತೆಗೆದ ಛಾಯಾಚಿತ್ರಗಳನ್ನು ಜೋಡಿಸಿ ಶತ್ರುಕಂದಕಗಳ ನಕ್ಷೆಗಳನ್ನು ಮೊದಲೇ ಸಿದ್ಧಪಡಿಸಿದ್ದರು. 1915ರ ಮಾರ್ಚ್ 10ರ ಬೆಳಿಗ್ಗೆ ಏಳೂವರೆಗೆ ಮುನ್ನೂರಕ್ಕೂ ಹೆಚ್ಚು ತೋಪುಗಳು ಒಮ್ಮೆಗೇ ಗರ್ಜಿಸತೊಡಗಿ ಮೂವತ್ತೈದು ನಿಮಿಷ ಬಿಡದೆ ಗುಂಡಿನ ಮಳೆಗರೆದುವು. ಎಂಟು ಗಂಟೆ ಐದು ನಿಮಿಷಕ್ಕೆ ಕಾಲಾಳುಗಳು ತಮ್ಮ ಮರೆಗಳಿಂದ ಮೇಲೆದ್ದು ಬಯಲಿಗೆ ನುಗ್ಗಿದರು.

ಆ ಪ್ರಾಂತದಲ್ಲಿ ಸ್ವಲ್ಪ ಅಗೆದರೂ ನೀರು ಜಿನುಗುವುದರಿಂದ, ಕಂದಕದ ಆಳ ಕಡಿಮೆಯಿದ್ದು ಮಣ್ಣಿನ ಮೂಟೆಗಳ ಅಡ್ಡಗೋಡೆಯೇ ಮುಖ್ಯ ರಕ್ಷಣೆಯಾಗಿತ್ತು. ಕಂದಕವನ್ನು ನೇರವಾಗಿ ತೋಡುವುದಿಲ್ಲ. ಕೋಟೆಯ ಮೇಲಂಚಿನ ತೆನೆಗಳನ್ನು ನೆಲದ ಮೇಲೆ ಮಲಗಿಸಿ ಗೆರೆ ಎಳೆದಂತೆ, ಕೆಲವೇ ಗಜಗಳಿಗೊಮ್ಮೆ ದಪ್ಪನೆಯ ಮಣ್ಣಿನ ದಿಂಡನ್ನು ಬಿಟ್ಟು ಅದನ್ನು ಸುತ್ತಿಸಿ ಮುಂದುವರಿಸುತ್ತಾರೆ. ಒಂದೆಡೆ ಗುಂಡು ಸಿಡಿದರೆ ಅದರ ಚೂರುಗಳು ಪಕ್ಕದ ಅಂಕಣಕ್ಕೆ ಹಾಯದಿರಲೆಂದೂ, ಒಂದು ತುದಿಯಲ್ಲಿ ಹೊಕ್ಕ ವೈರಿಯು ಉದ್ದಕ್ಕೂ ಗುಂಡು ಹಾರಿಸದಿರಲೆಂದೂ ಈ ಏರ್ಪಾಡು. ರಕ್ಷಿಸುವವನಿಗೆ ಇಷ್ಟು ಅನುಕೂಲವಾದದ್ದು ಆಕ್ರಮಿಸುವವನಿಗೆ ಎಷ್ಟು ಘೋರವೆಂಬುದನ್ನು ಊಹಿಸಬಹುದು. ಬಾಂಬು ಹಿಡಿದವನು, ಅನೇಕ ವೇಳೆ ಸಿಡಿಮದ್ದನ್ನೂ ಮೊಳೆಗಳನ್ನೂ ತುಂಬಿದ ಜಾಮಿನ ಡಬ್ಬಿಯನ್ನೇ, ಬತ್ತಿಗೆ ಕಿಡಿ ಮುಟ್ಟಿಸಿ ಮಣ್ಣುದಿಂಡಿನ ಮೇಲಿಂದ ಆಚೆಗೆ ಎಸೆಯುವನು. ಅದು ಸಿಡಿದ ಕ್ಷಣವೇ, ಹೊಗೆ ಹರಿಯುವ ಮೊದಲೇ, ಸನೀನು ಸಿಕ್ಕಿಸಿದ ಬಂದೂಕಿನವನು ಮೂಲೆಯನ್ನು ತಿರುಗಬೇಕು. ಅಲ್ಲಿ ಬಿದ್ದ ಹೆಣಗಳೇ ಇವೆಯೊ, ಗುರಿಯಿಟ್ಟು ಕಾದಿರುವ ಬಂದೂಕೇ ಇದೆಯೊ, ತಿರುಗಿದ ಮೇಲಲ್ಲದೆ ತಿಳಿಯುವುದಿಲ್ಲ. ಆ ಅಂಕಣ ವಶವಾದೊಡನೆ ಇನ್ನೊಂದು ದಿಂಡು, ಇನ್ನೊಂದು ಮೂಲೆ.

ಉನ್ಮಾದದ ಒಂದು ಗಳಿಗೆಯಲ್ಲಿ ಪ್ರಾಣವನ್ನು ತೃಣವಾಗಿ ಕಾಣುವುದು ಅನೇಕರಿಗೆ ಸಾಧ್ಯವಾದೀತು. ಬದುಕಿ ಉಳಿದೆನೆಂದು ಉಸಿರೆಳೆದುಕೊಂಡು, ಮರುನಿಮಿಷದಲ್ಲಿ ಅದೇ ಅಪಾಯಕ್ಕೆ ಮತ್ತೆ ತಾನೇ ಮುಂದಾಗುವುದು, ಹಿಂದೆ ಸಂಗಡಿಗರಿದ್ದರೂ ಸರದಿಯನ್ನು ಅವರಿಗೆ ಬಿಡದಿರುವುದು ಬೇರೆಯೇ ಬಗೆಯ ಧೈರ್ಯವೆಂದು ನನಗೆ ತೋರುತ್ತದೆ. ಗಬರ್ ಸಿಂಗನು ಸತ್ತಾಗ ಅವನ ವಯಸ್ಸು ಇಪ್ಪತ್ತರ ಆಸುಪಾಸು.

ಅವನ ಪಟಾಲಮು ಗ್ರಾಮದತ್ತ ಮುನ್ನುಗ್ಗಿತು. ಬಲಗಡೆಯಲ್ಲಿ ಅದೇ ದಳದ ಮೊದಲನೆಯ ಪಟಾಲಮು ದಿಕ್ಕು ತಪ್ಪಿ, ತೋಪಿನ ಏಟು ತಾಗದಿದ್ದ, ಮುಳ್ಳುತಂತಿ ಇನ್ನೂ ಹಾಗೆಯೇ ನಿಂತಿದ್ದ ಕಂದಕವೊಂದಕ್ಕೆ ಎದುರಾಗಿ ಭಯಂಕರವಾದ ನಷ್ಟವನ್ನನುಭವಿಸಿತು. ಗ್ರಾಮವು ಆ ಬೆಳಿಗ್ಗೆಯೇ ವಶವಾಯಿತು. ಆದರೆ ದೂರವಾಣಿಯ ತಂತಿಗಳು ತುಂಡಾಗಿ ಆಜ್ಞೆಗಳು ತಡವಾಗಿ ತಲಪುತ್ತಿದ್ದ ಗಂಟೆಗಳಲ್ಲಿ ಜರ್ಮನರು ಹೊಸ ಸೈನ್ಯವನ್ನು ತಂದು ನಿಲ್ಲಿಸಿಕೊಂಡರು. ಮೂರು ದಿನಗಳ ತರುವಾಯ ಯುದ್ಧ ನಿಂತಾಗ ಓಬೆರ್ ದಿಬ್ಬವು ಅವರ ಕೈಯಲ್ಲಿಯೇ ಇತ್ತು. ಸತ್ತವರು, ಗಾಯಗೊಂಡವರು, ಕಾಣೆಯಾದವರೆಲ್ಲ ಸೇರಿ ಬ್ರಿಟಿಷ್ ಪಕ್ಷದ ನಷ್ಟ 11,000ಕ್ಕೂ ಮಿಕ್ಕಿತು. ಅದರಲ್ಲಿ ಭಾರತೀಯರು ಸುಮಾರು 4,000. ಅಷ್ಟು ಬೆಲೆಗೆ ಕೊಂಡ ಗ್ರಾಮವೂ 1918ರ ಏಪ್ರಿಲಿನಲ್ಲಿ ಮತ್ತೆ ಕೆಲಕಾಲ ಜರ್ಮನರ ಪಾಲಾಯಿತೆಂಬುದನ್ನು ಓದುವಾಗ ಮನಸ್ಸಿಗೆ ಬಹಳ ವ್ಯಥೆಯಾಗುತ್ತದೆ.

ಗಬರ್ ಸಿಂಗನಿಗೆ ಗುರುತಿನ ಸಮಾಧಿಯಿಲ್ಲ. 1927ರ ಅಕ್ಟೋಬರಿನಲ್ಲಿ ಆ ಗ್ರಾಮದ ಬಳಿಯಲ್ಲಿ, ಹರ್ಬರ್ಟ್ ಬೇಕರ್ ಎಂಬ ವಾಸ್ತುಶಿಲ್ಪಿಯ ಕಲ್ಪನೆಯಂತೆ ವೃತ್ತಾಕಾರದ ಒಂದು ಸ್ಮಾರಕವು ಎದ್ದಿತು. ಅಶೋಕಸ್ತಂಭಗಳನ್ನು ನೆನಪಿಗೆ ತರುವ, ಕಮಲಶೀರ್ಷದ ಎತ್ತರವಾದ ಕಂಬ. ಬುಡದಲ್ಲಿ ಎರಡು ಕಲ್ಲಿನ ಹುಲಿಗಳು. ಸುತ್ತಿನ ಗೋಡೆಯ ಮೇಲೆ, ಸಮಾಧಿಯಿಲ್ಲದೆ ಹೋದ 4,700ಕ್ಕೂ ಮೇಲ್ಪಟ್ಟ ಭಾರತೀಯರ ಹೆಸರುಗಳು. ಅವುಗಳಲ್ಲಿ ಇವನದೂ ಒಂದು. ಇವನ ಬಗ್ಗೆ ಗೆಜೆಟ್ಟಿನಲ್ಲಿ ಆ ನಾಲ್ಕು ಮಾತುಗಳಾದರೂ ಉಳಿದುವು. ಉಳಿದವರಲ್ಲಿ ಬಹುಮಂದಿಯ ಪಾಲಿಗೆ ಅದೂ ಇಲ್ಲ, ಹೆಸರು ಮತ್ತು ಪಟಾಲಮು ಮಾತ್ರ. ಪಟಾಲಮುಗಳೇ ಸವೆದುಹೋಗಿ, ಗಢವಾಲಿಗಳ ಎರಡನ್ನೂ ಕೂಡಿಸಿ 1915ರಲ್ಲಿಯೇ ಒಂದಾಗಿ ಮಾಡಬೇಕಾಯಿತು. ಆ ವರ್ಷದ ಕೊನೆಯ ಹೊತ್ತಿಗೆ ಭಾರತದ ಕಾಲಾಳುಗಳಲ್ಲಿ ಹೆಚ್ಚಿನವರು ಫ್ರಾನ್ಸನ್ನು ಬಿಟ್ಟು ಬೇರೆ ರಣರಂಗಗಳಿಗೆ ಹಡಗು ಹತ್ತಿದರು. ಚಂಬಾದಲ್ಲಿ ಗಬರ್ ಸಿಂಗನ ಹೆಸರಿನ ಸ್ಮಾರಕವಿದ್ದು, ಪ್ರತಿವರ್ಷ ಏಪ್ರಿಲ್ ತಿಂಗಳಿನಲ್ಲಿ ಅಲ್ಲಿ ಜಾತ್ರೆ ನೆರೆಯುತ್ತದೆ. ಗಢವಾಲ್ ರೈಫಲ್ಸಿನವರು ಬಂದು ಅವನಿಗೆ ಸೈನಿಕಗೌರವವನ್ನು ಸಲ್ಲಿಸುತ್ತಾರೆ.