ಪುಷ್ಯ ಮಳೆ, ಗಾಜಿನ ಕೀಲು

ಟಪ್ ಅಂತ ಒಂದೇ ಸದ್ದು. ಕೆಂಡದಲ್ಲಿ ಹಲಸಿನ ಬೀಜ ಸಿಡಿದಷ್ಟು. ದೋಟಿಯನ್ನು ಕಾರಿನೊಳಕ್ಕೆ ನೂಕುತ್ತಿದ್ದ ಅಪ್ಪಯ್ಯ ಹಾಗೇ ನಿಂತುಬಿಟ್ಟರು. ಅವರ ತಲೆಯ ಮೇಲೆ ಎತ್ತಿ ನಿಂತಿದ್ದ ಹಿಂದಿನ ಗಾಜು ಎಡಗಡೆಗೆ ಎರಡು ಬೆರಳಿನಷ್ಟು ಕುಸಿದು, ಬಲಗಡೆಯ ಒಂದೇ ಕೀಲಿನಲ್ಲಿ ಸೊಟ್ಟಗೆ ತೂಗುತ್ತಿತ್ತು. ನಾನು ಓಡಿಹೋಗಿ ಎರಡೂ ಅಂಗೈಯಲ್ಲಿ ಅದನ್ನು ಆನಿಕೊಂಡೆ. ಮಳೆಯ ನೀರು ಗಾಜಿನ ಮೇಲಿಂದ ಹರಿದು ನನ್ನ ಅಂಗಿಯ ತೋಳಿನೊಳಗೆ ಇಳಿಯಿತು.

ನಮ್ಮದು ಹದಿನೈದು ವರ್ಷದ ಹಳೆಯ ಗಾಡಿ. ಹಿಂದಿನ ಬಾಗಿಲನ್ನು ಪೂರ್ತಿ ಎತ್ತದೆ, ಅದರ ಮೇಲರ್ಧದ ಗಾಜನ್ನಷ್ಟೇ ಬೇರೆಯಾಗಿ ತೆರೆಯಬಹುದು. ತೋಟದವರಿಗೆ ಇದು ದೊಡ್ಡ ಅನುಕೂಲ. ಅಡಿಕೆಗೆ ಔಷಧಿ ಹೊಡೆಯುವ ದೋಟಿಯನ್ನು ಮುಂದಿನ ಸೀಟಿನವರೆಗೆ ಮಲಗಿಸಿ, ಉಳಿದ ತುದಿಯನ್ನು ಆ ಕಿಂಡಿಯಿಂದ ಹೊರಗೆ ಚಾಚಬಹುದು. ಕೊಳೆರೋಗದ ಕಾಲದಲ್ಲಿ, ಮೈಲುತುತ್ತ ಮತ್ತು ಸುಣ್ಣದ ಚೀಲಗಳ ಜೊತೆ ಮೇಲಿನ ತೋಟಕ್ಕೂ ಕೆಳಗಿನ ತೋಟಕ್ಕೂ ಓಡಾಡುವಾಗ, ಈ ಗಾಜು ದಿನಕ್ಕೆ ಹತ್ತು ಸಲ ತೆರೆದು ಮುಚ್ಚುತ್ತದೆ. ಅದನ್ನು ಬಾಗಿಲಿಗೆ ಹಿಡಿದಿಡುವುದು ಮೇಲಂಚಿನ ಎರಡು ಕಬ್ಬಿಣದ ಕೀಲು. ಒಂದೊಂದರ ಪಟ್ಟಿ ಬೆಂಕಿಪೊಟ್ಟಣದಷ್ಟು ಅಗಲ. ಬಾಗಿಲಿನ ಕಡೆಗೆ ಬೋಲ್ಟು ಇದೆ. ಗಾಜಿನ ಕಡೆಗೆ ಬರೀ ಅಂಟು. ಇಷ್ಟು ವರ್ಷ ಓಡಿಸಿಯೂ ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

ಗಾಜನ್ನು ಮೆಲ್ಲಗೆ ಇಳಿಸಿ, ಸುತ್ತ ಕಂದು ಟೇಪು ಸುತ್ತಿ, ಮರುದಿನ ಬೆಳಿಗ್ಗೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೊರಟೆವು. ಪುಷ್ಯ ಮಳೆ ಬಿಡದೆ ಹಿಡಿದಿತ್ತು. ಮಂಡಗದ್ದೆಯಲ್ಲಿ ತುಂಗೆ ಮರಗಳ ಕೊರಳಿನವರೆಗೆ ಏರಿದ್ದಳು. ಸಕ್ಕರೆಬೈಲು ದಾಟಿ ಗಾಜನೂರಿಗೆ ಬರುವ ಹೊತ್ತಿಗೆ ಟೇಪಿನ ಒಂದು ಮೂಲೆ ಬಿಟ್ಟುಕೊಂಡು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅಪ್ಪಯ್ಯ ದಾರಿಯುದ್ದಕ್ಕೂ ಕತ್ತು ತಿರುಗಿಸಿ ಹಿಂದೆಯೇ ನೋಡುತ್ತಿದ್ದರು.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಮಳೆಗಾಲದಲ್ಲಿ ಬೇರೆಯದೇ ವಾಸನೆ. ಒದ್ದೆ ಮಣ್ಣು, ಸುಟ್ಟ ಆಯಿಲು, ತಿನ್ನರು, ಚಹಾ ಎಲ್ಲ ಒಂದಾಗಿ ಶೀಟಿನ ಮಾಡಿನ ಕೆಳಗೆ ನಿಂತಿರುತ್ತವೆ. ಒಂದು ಮಳಿಗೆಯಲ್ಲಿ ಲೇತು ತಿರುಗುತ್ತದೆ, ಪಕ್ಕದಲ್ಲಿ ಟಿಂಕರಿಂಗ್ ಸುತ್ತಿಗೆ, ಅದರಾಚೆ ವೆಲ್ಡಿಂಗಿನ ನೀಲಿ ಬೆಳಕು ಕೆಸರಿನ ಗುಂಡಿಯಲ್ಲಿ ಮಿಂಚುತ್ತದೆ. ಇವೆಲ್ಲದರ ನಡುವೆ ಗಾಜಿನ ಕೆಲಸದ ಅಂಗಡಿ ಮಾತ್ರ ನಿಶ್ಶಬ್ದ. ಗೋಡೆಗೆ ಒರಗಿಸಿದ ಮುಂಗಾಜುಗಳು, ಮೊಳೆಗೆ ನೇತುಹಾಕಿದ ರಬ್ಬರ್ ಬೀಡಿಂಗು, ಮೂಲೆಯ ಬಕೆಟ್ಟಿನ ತುಂಬ ಹಸಿರುಛಾಯೆಯ ಗಾಜಿನ ಹರಳು.

ಯಜಮಾನರು ಐವತ್ತು ದಾಟಿದವರು. ಟೇಪು ಬಿಚ್ಚಿದರು, ಗಾಜಿನ ಕೆಳಗೆ ಒಂದು ಕೋಲು ಆನಿಸಿದರು, ಹುಡುಗನಿಂದ, ಗಾಜನ್ನು ಎತ್ತಿ ನಿಲ್ಲಿಸುವ ಎರಡೂ ಗ್ಯಾಸ್ ಶಾಕು ಬಿಚ್ಚಿಸಿದರು. ಆಮೇಲೆ ಕಳಚಿದ ಕೀಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೆಬ್ಬೆರಳಿನ ಉಗುರಿನಿಂದ ಅಂಚನ್ನು ಕೆರೆದರು. ಕಂದು ಪುಡಿ ಉದುರಿತು.

"ಗೌಡ್ರೆ, ಇದು ಅಂಟು ಬಿಟ್ಟಿದ್ದಲ್ಲ. ನೋಡಿ ಇಲ್ಲಿ. ಅಂಟು ತುಕ್ಕನ್ನ ಹಿಡ್ಕೊಂಡೇ ಐತೆ. ತುಕ್ಕು ಕಬ್ಬಿಣಾನ ಬಿಟ್ಟೈತೆ."

ನಾನೂ ಬಗ್ಗಿ ನೋಡಿದೆ. ಗಾಜಿನ ಮೇಲೆ ಹಳೆಯ ಕಪ್ಪು ಅಂಟು ಗಟ್ಟಿಯಾಗಿ ಕೂತಿತ್ತು, ಒಂದು ಎಳೆಯೂ ಎದ್ದಿರಲಿಲ್ಲ. ಅದರ ಮೇಲ್ಮೈಯಲ್ಲಿ ತುಕ್ಕಿನ ತೆಳುಪೊರೆ, ದೋಸೆಯ ಕಾವಲಿಯಿಂದ ಎದ್ದು ಬಂದ ಪಾಪಡಿಯ ಹಾಗೆ. ಕೀಲಿನ ಬಣ್ಣ ಅಂಚಿನಲ್ಲಿ ಎಲ್ಲೋ ಒಂದು ಕಡೆ ಕಿತ್ತಿರಬೇಕು. ಅಲ್ಲಿಂದ ನೀರು ಮೆಲ್ಲಗೆ ಕಬ್ಬಿಣಕ್ಕೂ ಅಂಟಿಗೂ ನಡುವೆ ಹೊಕ್ಕಿದೆ. ಮಲೆನಾಡಿನ ಎಷ್ಟೋ ಮಳೆಗಾಲಗಳ ಕೆಲಸ ಅದು. ಇಷ್ಟು ದಿನ ಗಾಜು ನಿಂತದ್ದು ಒಳಗೆ ಉಳಿದಿದ್ದ, ಎಂಟಾಣೆ ನಾಣ್ಯದಷ್ಟು ಅಗಲದ ಹೊಳೆಯುವ ಜಾಗದ ಮೇಲೆ.

ಅಪ್ಪಯ್ಯನಿಗೆ ಸಮಾಧಾನ ಆಗಲಿಲ್ಲ. "ಇದೆಲ್ಲ ಯಾಕೆ? ಎರಡು ತೂತು ಕೊರ್ದು ಬೋಲ್ಟು ಹಾಕ್ಬಿಡಿ. ಗಾಜಿಗೆ ಅಂಟು ಅಂದ್ರೆ ನಂಗೆ ನಂಬಿಕೆ ಬರಲ್ಲ."

ಯಜಮಾನರು ಮೂಲೆಯ ಬಕೆಟ್ಟಿಗೆ ಕೈಹಾಕಿ ಒಂದು ಮುಷ್ಟಿ ಹರಳು ತೆಗೆದು ಅಪ್ಪಯ್ಯನ ಅಂಗೈಗೆ ಸುರಿದರು. "ಡ್ರಿಲ್ ಇಟ್ರೆ ಹಿಂಗಾಗ್ತದೆ ಗೌಡ್ರೆ. ಪೂರ್ತಿ ಗಾಜು, ಒಂದೇ ಉಸಿರಿಗೆ."

ಅದು ನಿಜ. ಮುಂದಿನ ಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪೊರೆ ಇಟ್ಟು ಮಾಡಿದ್ದು. ಕಲ್ಲು ಬಿದ್ದರೆ ಬಿರುಕು ಬಿಟ್ಟು ಅಲ್ಲೇ ನಿಲ್ಲುತ್ತದೆ. ನಮ್ಮ ಗಾಡಿಯ ಹಿಂದಿನದು ಬೇರೆ ಜಾತಿ. ಅದನ್ನು 600 ಡಿಗ್ರಿ ಸೆಲ್ಸಿಯಸ್ ದಾಟುವಷ್ಟು ಕಾಯಿಸಿ, ಎರಡೂ ಬದಿಯಿಂದ ಗಾಳಿ ಹೊಡೆದು ತಟ್ಟನೆ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಗಿನದು ನಿಧಾನಕ್ಕೆ ತಣ್ಣಗಾಗುತ್ತಾ ಹೊರಮೈಯನ್ನು ಒಳಕ್ಕೆ ಎಳೆದು ಬಿಗಿಯುತ್ತದೆ. ಆ ಬಿಗಿತವೇ ಅದರ ಬಲ. ಆ ಬಿಗಿತಕ್ಕೆ ಎಲ್ಲಿ ಭಂಗ ಬಂದರೂ ಇಡೀ ಗಾಜು ಕಲ್ಲುಸಕ್ಕರೆಯ ಹಾಗೆ ಉದುರುತ್ತದೆ. ತೂತು ಬೇಕಿದ್ದರೆ ಕಾಯಿಸುವ ಮೊದಲೇ ಕೊರೆದಿರಬೇಕು. ಅಪ್ಪಯ್ಯ ಅಂಗೈಯ ಹರಳುಗಳನ್ನು ಬೆರಳಿನಿಂದ ಸರಿಸಿ ನೋಡಿ, ಮತ್ತೆ ಬಕೆಟ್ಟಿಗೆ ಹಾಕಿದರು.

ಹಾಗಿದ್ದರೆ ಎರಡು ಟ್ಯೂಬು ಕಲಸುವ ಗಟ್ಟಿ ಅಂಟು ಆಗದೇ ಎಂದು ಕೇಳಿದವನು ನಾನು. ಯಜಮಾನರು ತಲೆಯಾಡಿಸಿದರು. "ಅದು ಕಲ್ಲಿನಂಗೆ ಆಗ್ತದೆ ಸಾರ್. ಇಲ್ಲಿ ಕಲ್ಲು ಬೇಡ, ರಬ್ಬರ್ ಬೇಕು." ಒಂದು ಡಿಗ್ರಿ ಬಿಸಿ ಏರಿದರೆ ಒಂದು ಮೀಟರ್ ಕಬ್ಬಿಣ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ, ಗಾಜು ಸುಮಾರು 9. ಸಣ್ಣ ವ್ಯತ್ಯಾಸ. ಆದರೆ ದಿನದಿನವೂ ಬಿಸಿಲಿಗೆ ಹಿಗ್ಗಿ ಮಳೆಗೆ ಕುಗ್ಗುವಾಗ, ಮೇಲೆ ಬಾಗಿಲು ಬಡಿದ ಅದುರೂ ಸೇರುವಾಗ, ನಡುವೆ ಇರುವುದು ತುಸು ಬಳುಕಬೇಕು. ಅದಕ್ಕೇ ಇವರು ಮುಂಗಾಜು ಕೂರಿಸುವ ಪಿಯು ಅಂಟನ್ನೇ, ಅಂದರೆ ಪಾಲಿಯುರೆಥೇನನ್ನೇ, ಇಲ್ಲಿಗೂ ಬಳಸುತ್ತಾರೆ.

ಆಮೇಲೆ ಶುರುವಾಯಿತು ಕೆಲಸ. ಕೀಲು ಮೊದಲು ಎಲ್ಲಿ ಕೂತಿತ್ತೋ ಅದರ ಸುತ್ತ ಕಾಗದದ ಟೇಪು ಅಂಟಿಸಿ, ಪೆನ್ನಿನಲ್ಲಿ ಗೆರೆ ಎಳೆದರು. ಬಲಗಡೆಯ ಕೀಲಿನೊಂದಿಗೆ ದಾರ ಹಿಡಿದು ನೋಡಿದರು, ಎರಡು ಸಲ. ಎರಡು ಕೀಲಿನ ಕಡ್ಡಿಗಳೂ ಒಂದೇ ನೇರದಲ್ಲಿ ಇರದಿದ್ದರೆ ಗಾಜು ತೆರೆಯುವಾಗಲೆಲ್ಲ ತಿರುಚಿಕೊಳ್ಳುತ್ತದೆ.

ಗಾಜಿನ ಮೇಲಿನ ಹಳೆಯ ಅಂಟನ್ನು ಪೂರ್ತಿ ಕೀಳುತ್ತಾರೆಂದು ನಾನು ಎಣಿಸಿದ್ದೆ. ಕೀಳಲಿಲ್ಲ. ಅಗಲವಾದ ಬ್ಲೇಡನ್ನು ಬಹುತೇಕ ಮಲಗಿಸಿ ಹಿಡಿದು, ಬೆಣ್ಣೆಯ ಮೇಲ್ಪದರ ತೆಗೆದ ಹಾಗೆ ತುಕ್ಕು ಹತ್ತಿದ ಪೊರೆಯನ್ನಷ್ಟೇ ಕೊಯ್ದು ತೆಗೆದರು. ಕೆಳಗೆ ಒಂದು ಮಿಲಿಮೀಟರಿನಷ್ಟು ಕಪ್ಪು ಪದರ ಉಳಿಯಿತು, ಹೊಸದಾಗಿ ಕೊಯ್ದ ಜಾಗ ಹೊಳೆಯುತ್ತಾ. "ಇದು ಕಂಪನಿಯಲ್ಲಿ ಕೂತಿದ್ದು. ಇದಕ್ಕಿಂತ ಚೆನ್ನಾಗಿ ನಾನು ಕೂರ್ಸಕ್ಕಾಗಲ್ಲ. ಹೊಸದು ಇದನ್ನೇ ಹಿಡ್ಕೊಳ್ತದೆ." ಬ್ಲೇಡಿನ ಮೂಲೆ ಒಮ್ಮೆಯೂ ಗಾಜಿನಂಚಿನ ಕಪ್ಪು ಪಟ್ಟಿಗೆ ತಾಗಲಿಲ್ಲ. ನಾವು ಬಣ್ಣವೆಂದುಕೊಳ್ಳುವ ಆ ಪಟ್ಟಿ ಗಾಜಿನೊಡನೆಯೇ ಸುಟ್ಟು ಕೂರಿಸಿದ ಎನಾಮಲ್ಲು. ಬಿಸಿಲಿನ ನೇರಳಾತೀತ ಕಿರಣ ತಾಗಿದರೆ ಪಿಯು ಹಾಳಾಗುತ್ತದೆ. ಆ ಪಟ್ಟಿ ಅದಕ್ಕೆ ಕೊಡೆ ಹಿಡಿದಿರುತ್ತದೆ.

ಕೀಲನ್ನು ಎಮ್ರಿ ಪೇಪರಿನಿಂದ ಉಜ್ಜಿದ್ದು ಮುಕ್ಕಾಲು ಗಂಟೆ. ಮೊದಲು ಕಂದು, ಆಮೇಲೆ ಬೂದಿ, ಕೊನೆಗೆ ಹೊಸ ಬ್ಲೇಡಿನ ಬಿಳುಪು. ತುಕ್ಕು ಹೊಕ್ಕ ಸಣ್ಣ ಗುಳಿಗಳಿಗೆ ಕಾಗದವನ್ನು ಮಡಚಿ, ಅದರ ಮೊನೆಯಿಂದ ಒಂದೊಂದಾಗಿ ತಿಕ್ಕಿದರು. ಹುಡುಗ ಪೆಟ್ರೋಲಿನ ಬಾಟಲಿ ತಂದ. "ಅದು ಜಿಡ್ಡು ಬಿಡ್ತದೆ, ಆ ಬಿಳೀದು ತಗೊಂಬಾ" ಎಂದು ವಾಪಸು ಕಳಿಸಿದರು. ಬಿಳಿಯದೆಂದರೆ ಐಸೊಪ್ರೊಪೈಲ್ ಆಲ್ಕೊಹಾಲು. ಒಗೆದ ಬನಿಯನ್ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ಒರೆಸಿದರು, ಬಟ್ಟೆ ಮಗುಚಿ ಮತ್ತೊಮ್ಮೆ. ಆಮೇಲೆ ಗಾಜಿನ ಆ ಜಾಗದ ಮೇಲೆ ಬಾಯಿ ತೆರೆದು ಉಸಿರು ಬಿಟ್ಟರು. ಮಂಜು ಕೂತಿತು. ಒಂದು ಕಡೆ ಬೆರಳಚ್ಚಿನ ಸುರುಳಿ ತೆಳ್ಳಗೆ ಎದ್ದು ಕಂಡಿತು. ಅದು ನನ್ನದು, ನೋಡುವ ಆಸೆಗೆ ಮುಟ್ಟಿದ್ದೆ. ಅವರು ಏನೂ ಅನ್ನಲಿಲ್ಲ. ಮತ್ತೆ ಒರೆಸಿ, ಮತ್ತೆ ಉಸಿರು ಬಿಟ್ಟರು. ಈ ಸಲ ಮಂಜು ಒಂದೇ ಸಮನಾಗಿ ಕೂತು, ಅಂಚಿನಿಂದ ಒಳಕ್ಕೆ ಒಂದೇ ಸಮನಾಗಿ ಆರಿತು.

ಬಿಳುಪೇರಿದ ಕಬ್ಬಿಣ ಆ ಮಳೆಯ ಗಾಳಿಯಲ್ಲಿ ಸಂಜೆಯವರೆಗೆ ಹಾಗೆ ಇರುವುದಿಲ್ಲ. ಅದಕ್ಕೇ ಕೂಡಲೇ ಕಪ್ಪು ಪ್ರೈಮರು ಹಚ್ಚಿದರು. ಚಹಾ ಬಂತು. ಗ್ಲಾಸು ಖಾಲಿಯಾಗುವ ಹೊತ್ತಿಗೆ ಪ್ರೈಮರು ಒಣಗಿತ್ತು. ಗನ್ನಿಗೆ ಅಂಟಿನ ಟ್ಯೂಬು ತುಂಬಿ, ಮೂತಿಯನ್ನು ಇಂಗ್ಲಿಷಿನ ವಿ ಅಕ್ಷರದ ಹಾಗೆ ಕತ್ತರಿಸಿ, ಪಟ್ಟಿಯ ಮೇಲೆ ಕಪ್ಪು ಏಣು ಎಳೆದರು. ನಾಲ್ಕು ಮೂಲೆಗೂ ಸಾಸಿವೆ ಗಾತ್ರದ ರಬ್ಬರ್ ಚೂರು ಇಟ್ಟರು, ಒತ್ತಿದಾಗ ಅಂಟೆಲ್ಲ ಹೊರಗೆ ಹೋಗಿ ಕಬ್ಬಿಣ ಗಾಜಿಗೆ ತಾಗಬಾರದು. ಗೆರೆ ನೋಡಿ ಕೂರಿಸಿದರು, ಒತ್ತಿದರು, ಟೇಪು ಬಿಗಿದರು. ಎರಡು ಗಂಟೆಯ ಕೆಲಸದಲ್ಲಿ ಅಂಟು ಹಚ್ಚಿದ್ದು ಮೂರು ನಿಮಿಷ.

"ಈ ಮಳೇಲಿ ಒಣಗೋದು ಯಾವಾಗ?" ಅಪ್ಪಯ್ಯ ಕೇಳಿದರು.

"ಇದು ಒಣಗೋ ಅಂಟಲ್ಲ ಗೌಡ್ರೆ. ಗಾಳೀಲಿರೋ ತೇವ ಕುಡ್ದು ಗಟ್ಟಿಯಾಗೋದು. ಬೇಸಿಗೆಗಿಂತ ಈಗ್ಲೇ ಚೆನ್ನಾಗಿ ಹಿಡಿತದೆ."

ಕಬ್ಬಿಣವನ್ನು ತಿಂದದ್ದೂ ತೇವ, ಅಂಟನ್ನು ಗಟ್ಟಿ ಮಾಡುವುದೂ ತೇವ. ಸಾಮಾನ್ಯ ಹವೆಯಲ್ಲಿ ಇಂಥ ಅಂಟು 24 ಗಂಟೆಗೆ ಮೂರು ನಾಲ್ಕು ಮಿಲಿಮೀಟರು ಒಳಕ್ಕೆ ಗಟ್ಟಿಯಾಗುತ್ತದೆ, ಒಳಹೋದಂತೆ ಇನ್ನೂ ನಿಧಾನ. ಗಾಜೂ ಕಬ್ಬಿಣವೂ ತೇವ ಬಿಡುವುದಿಲ್ಲವಾದ್ದರಿಂದ ಪಟ್ಟಿಯ ಅಂಚುಗಳೇ ಅದಕ್ಕೆ ಬಾಯಿ. ಮೂರು ಬೆರಳಗಲದ ಪಟ್ಟಿಯ ನಡುಮಧ್ಯಕ್ಕೆ ಅದು ತಲುಪಲು ದಿನಗಳೇ ಬೇಕು. ಯಜಮಾನರು ಎಂಟು ದಿನ ಹೇಳಿದರು. ಅಲ್ಲಿಯವರೆಗೆ ಗಾಜು ತೆರೆಯಬಾರದು, ಶಾಕು ಹಾಕಬಾರದು. ಬಾಗಿಲು ಬಡಿಯಬಾರದು, ಬಡಿದರೆ ಒಳಗಿನ ಗಾಳಿ ಗಾಜನ್ನು ಹೊರಕ್ಕೆ ಒತ್ತುತ್ತದೆ, ಹಾಗಾಗಿ ಒಂದು ಕಿಟಕಿ ಎರಡು ಬೆರಳು ಇಳಿದೇ ಇರಲಿ. ಹಳೆಯ ಶಾಕುಗಳಲ್ಲಿ ಒಂದು ಸೋತಿತ್ತು, ಬಲವಿದ್ದ ಇನ್ನೊಂದು ಗಾಜನ್ನು ಓರೆಗೆ ನೂಕುತ್ತಿತ್ತು. ಎರಡನ್ನೂ ಹೊಸದಾಗಿ ಕೊಂಡೆವು.

ಎಂಟೂ ದಿನ ಅಪ್ಪಯ್ಯ ಬೆಳಿಗ್ಗೆ ಎದ್ದೊಡನೆ ಕೊಡೆ ಹಿಡಿದು ಅಂಗಳಕ್ಕೆ ಹೋಗಿ ಆ ಟೇಪಿನ ಮೂಲೆ ನೋಡಿ ಬರುತ್ತಿದ್ದರು. ಕಿಟಕಿಯ ಸಂದಿನಿಂದ ಎರಚಲು ಬಿದ್ದು ಸೀಟು ನೆನೆಯಿತು. ಅವರು ಅದರ ಮೇಲೆ ಗೊಬ್ಬರದ ಚೀಲ ಹಾಸಿದರು, ಕಿಟಕಿ ಏರಿಸಲಿಲ್ಲ. ಒಂಬತ್ತನೆಯ ದಿನ ಮಳೆ ಸ್ವಲ್ಪ ಹೊಳವಾಗಿತ್ತು. ಟೇಪು ಸುಲಿದೆವು. ಶಾಕುಗಳನ್ನು ಗುಂಡಿಗೆ ಒತ್ತಿ ಕೂರಿಸಿದೆ, ಟಕ್ ಎಂದವು. ಅಪ್ಪಯ್ಯ ಒಂದು ಅಂಗೈಯನ್ನು ಗಾಜಿನ ಕೆಳಗೆ ಇಟ್ಟುಕೊಂಡೇ ಮೆಲ್ಲಗೆ ಎತ್ತಿದರು. ಗಾಜು ನೇರವಾಗಿ ಮೇಲೇರಿ ನಿಂತಿತು. ಅವರು ಕೈ ತೆಗೆದರು, ಮತ್ತೆ ಇಟ್ಟರು, ಮತ್ತೆ ತೆಗೆದರು.

ಆಮೇಲೆ ಜಗುಲಿಯ ಮೂಲೆಯಿಂದ ದೋಟಿ ತಂದು ಒಳಗೆ ನೂಕಿ, ಹೊರಗುಳಿದ ತುದಿಗೆ ಕೆಂಪು ಬಟ್ಟೆ ಕಟ್ಟತೊಡಗಿದರು.