ಕಚೇರಿಗೊಂದು ಪೆನ್ನಿ

ವರ್ಷದ ಲೆಕ್ಕ ಮುಗಿದ ಮೇಲೆ ಅವನ ಕೈಗೆ ಬಂದದ್ದು ಹತ್ತು ನಾಣ್ಯ. ಒಂದೊಂದೂ ಮೂರು ಪೆನ್ನಿಯದು, ಆಗಷ್ಟೇ ಟಂಕಸಾಲೆಯಿಂದ ಬಂದಂತೆ ಹೊಳೆಯುತ್ತಿತ್ತು. ಮೂವತ್ತು ಸಂಗೀತ ಕಚೇರಿ ನಡೆಸಿದ್ದಕ್ಕೆ ಸಿಕ್ಕ ಲಾಭ ಮೂವತ್ತು ಪೆನ್ನಿ. ಅಂದರೆ ಕಚೇರಿಗೊಂದು ಪೆನ್ನಿ! ಬೇರೆ ಯಾರಾದರೂ ಆಗಿದ್ದರೆ ಅಂಗಡಿ ಮುಚ್ಚುತ್ತಿದ್ದರೇನೋ. ಚಾರ್ಲ್ಸ್ ಹಾಲೆ ಮುಚ್ಚಲಿಲ್ಲ. ಅವನೇ ತನ್ನ ಆತ್ಮಕಥೆಯಲ್ಲಿ ನಗುತ್ತ ಹೇಳಿಕೊಂಡಿರುವ ಪ್ರಸಂಗ ಇದು. 1858ರ ಜನವರಿ 30ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಅವನು ಆರಂಭಿಸಿದ ವಾದ್ಯವೃಂದ ಇಂದಿಗೂ ಅವನ ಹೆಸರಿನಲ್ಲೇ ನುಡಿಸುತ್ತಿದೆ.

ಆರ್ಕೆಸ್ಟ್ರಾ ಎಂದರೆ ನಮ್ಮಲ್ಲಿ ಗಣೇಶೋತ್ಸವದ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡುವ ತಂಡ. ಇದು ಅದಲ್ಲ. ಎಪ್ಪತ್ತು ಎಂಬತ್ತು ಮಂದಿ ಪಿಟೀಲು, ಕೊಳಲು, ಕಹಳೆ, ನಗಾರಿ ಹಿಡಿದು, ಬರೆದಿಟ್ಟ ಸಂಗೀತವನ್ನು ಒಬ್ಬ ನಿರ್ದೇಶಕನ ಕೈಸನ್ನೆಗೆ ತಕ್ಕಂತೆ ನುಡಿಸುವ ಸಿಂಫನಿ ಆರ್ಕೆಸ್ಟ್ರಾ. ಇಂಥದ್ದನ್ನು ಸಾಕುವುದು ಆನೆ ಸಾಕಿದಂತೆ. ರಾಜಧಾನಿಯಲ್ಲಾದರೆ ಅರಮನೆ, ಸರ್ಕಾರ, ಸಿರಿವಂತರು ಇರುತ್ತಾರೆ. ಹತ್ತಿ ಗಿರಣಿಗಳ ಹೊಗೆಯಲ್ಲಿ ಮುಳುಗಿದ್ದ ಮ್ಯಾಂಚೆಸ್ಟರಿನಲ್ಲಿ ಅದು ಬದುಕಿದ್ದು ಹೇಗೆ? ಉತ್ತರದ ಒಂದು ಪಾಲು ಪಿಯಾನೋದಲ್ಲಿದೆ.

ಹಾಲೆ ಮೂಲತಃ ಪಿಯಾನೋ ವಾದಕ. 1819ರಲ್ಲಿ ಜರ್ಮನಿಯ ಹಾಗೆನ್ ಎಂಬ ಊರಿನಲ್ಲಿ ಹುಟ್ಟಿದ. ಹದಿಹರೆಯದಲ್ಲೇ ಪ್ಯಾರಿಸಿಗೆ ಹೋಗಿ ಶೋಪಾನ್, ಲಿಸ್ಟ್, ಬರ್ಲಿಯೋಜ್ ಅವರ ಒಡನಾಟ ಸಂಪಾದಿಸಿದ. 1848ರ ಕ್ರಾಂತಿ ಪ್ಯಾರಿಸಿನ ಬದುಕನ್ನು ತಲೆಕೆಳಗು ಮಾಡಿದಾಗ ಲಂಡನ್ನಿಗೆ ಬಂದ. ಮ್ಯಾಂಚೆಸ್ಟರಿನಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದ ಜರ್ಮನರು ಅವನನ್ನು ಅಲ್ಲಿಂದ ತಮ್ಮೂರಿಗೆ ಕರೆಸಿಕೊಂಡರು. ಅಲ್ಲಿನ ವಾದ್ಯವೃಂದದ ಜೊತೆ ಮೊದಲ ಸಲ ನುಡಿಸಿದಾಗ ಅದರ ಅವಸ್ಥೆ ಕಂಡು, ಗಂಟುಮೂಟೆ ಕಟ್ಟಿ ಹೊರಟುಬಿಡೋಣ ಎನ್ನಿಸಿತಂತೆ. ಸದ್ಯ, ಹೊರಡಲಿಲ್ಲ.

ಅದೇ 1848ರ ಆಗಸ್ಟ್‌ನಲ್ಲಿ ಶೋಪಾನ್ ಕೂಡ ಮ್ಯಾಂಚೆಸ್ಟರಿಗೆ ಬಂದು ನುಡಿಸಿದ್ದ. ಆಗಲೇ ಕಾಯಿಲೆಯಿಂದ ಬಳಲಿದ್ದ ಜೀವ. ಸಾವಿರಕ್ಕೂ ಹೆಚ್ಚು ಮಂದಿ ತುಂಬಿದ್ದ ಸಭಾಂಗಣಕ್ಕೆ ಅವನ ನವಿರಾದ ನುಡಿಸಾಣಿಕೆ ಸಾಲಲಿಲ್ಲ ಎಂದು ಅಂದಿನ ವಿಮರ್ಶಕರು ಗೊಣಗಿದರು. ಪಿಯಾನೋ ದಿವಾನಖಾನೆಯಿಂದ ದೊಡ್ಡ ಸಭೆಗೆ ಕಾಲಿಡುತ್ತಿದ್ದ ಕಾಲ ಅದು. ಮುಂದೆ ಅದಕ್ಕೆ ಎರಕದ ಕಬ್ಬಿಣದ ಚೌಕಟ್ಟು ಬಂತು, ದಪ್ಪ ತಂತಿ ಬಂತು. ಇಂದಿನ ಕಚೇರಿ ಪಿಯಾನೋ ಒಂಬತ್ತು ಅಡಿ ಉದ್ದ, ತೂಕ ಸುಮಾರು ಐನೂರು ಕಿಲೋ. ಇಡೀ ವಾದ್ಯವೃಂದಕ್ಕೆ ಎದುರು ನಿಂತು ಮಾತಾಡಬಲ್ಲ ಒಂಟಿ ವಾದ್ಯ.

1857ರಲ್ಲಿ ಮ್ಯಾಂಚೆಸ್ಟರಿನಲ್ಲಿ ಭಾರಿ ಕಲಾ ಪ್ರದರ್ಶನವೊಂದು ನಡೆಯಿತು. ಅಲ್ಲಿ ಸಂಗೀತ ಒದಗಿಸಲು ಹಾಲೆ ದೊಡ್ಡ ತಂಡ ಕಟ್ಟಿದ. ಪ್ರದರ್ಶನ ಮುಗಿದ ಮೇಲೆ ಕಲಾವಿದರೆಲ್ಲ ದಿಕ್ಕಿಗೊಬ್ಬರಾಗುವುದು ಅವನಿಗೆ ಇಷ್ಟವಾಗಲಿಲ್ಲ. ನಷ್ಟವಾದರೆ ತನಗೇ ಇರಲಿ ಎಂದು ಫ್ರೀ ಟ್ರೇಡ್ ಹಾಲಿನಲ್ಲಿ ವಾರವಾರ ಕಚೇರಿ ಶುರು ಮಾಡಿದ. ಗಿರಣಿಯ ಜನರೂ ಬರಲಿ ಎಂದು ಒಂದು ಶಿಲಿಂಗಿನ ಟಿಕೆಟ್ ಇಟ್ಟ. ವೃಂದವನ್ನು ನಡೆಸುವವನೂ ಅವನೇ, ಪಿಯಾನೋ ಮುಂದೆ ಕೂರುವವನೂ ಅವನೇ. ಹೊರಗಿನ ವಾದಕನಿಗೆ ಸಂಭಾವನೆ ಕೊಡುವ ತಾಪತ್ರಯವೂ ತಪ್ಪಿತು ಎಂದು ಬೇರೆ ಹೇಳಬೇಕಿಲ್ಲ.

ಪಿಯಾನೋ ಮತ್ತು ವೃಂದ ಸೇರಿ ನುಡಿಸುವ ಕೃತಿಗೆ ಕನ್ಚರ್ಟೊ ಎಂದು ಹೆಸರು. ಸಾಮಾನ್ಯವಾಗಿ ಮೂರು ಭಾಗ, ಅರ್ಧ ಗಂಟೆಯ ಆಸುಪಾಸು. ನಮ್ಮ ಕಚೇರಿಯಲ್ಲಿ ಗಾಯಕರಿಗೆ ಪಕ್ಕವಾದ್ಯ ಇರುವಂತೆ ಇಲ್ಲಿ ವೃಂದ ಎಂದುಕೊಂಡರೆ ಅರ್ಧ ಸರಿ. ಪಕ್ಕವಾದ್ಯದವರು ಮುಖ್ಯ ಕಲಾವಿದರನ್ನು ಅನುಸರಿಸುತ್ತಾರೆ. ಕನ್ಚರ್ಟೊದಲ್ಲಿ ವೃಂದ ಕೆಲವೊಮ್ಮೆ ಅನುಸರಿಸುತ್ತದೆ, ಕೆಲವೊಮ್ಮೆ ವಾದಕ್ಕೇ ಇಳಿಯುತ್ತದೆ. ಒಂದು ಘಟ್ಟದಲ್ಲಿ ಎಲ್ಲರೂ ಸುಮ್ಮನಾಗಿ ಪಿಯಾನೋ ಒಂದೇ ನುಡಿಯುತ್ತದೆ. ಅದಕ್ಕೆ ಕೆಡೆನ್ಜಾ ಎನ್ನುತ್ತಾರೆ. ನಮ್ಮ ತನಿ ಆವರ್ತನವನ್ನು ನೆನಪಿಸುವ ಜಾಗ ಇದು. ಈಗ ಬಹುತೇಕ ವಾದಕರು ಅದನ್ನೂ ಬರೆದಿಟ್ಟಿದ್ದನ್ನೇ ನುಡಿಸುತ್ತಾರೆ ಎಂಬುದು ಬೇರೆ ಮಾತು.

ಇನ್ನೊಂದು ಸ್ವಾರಸ್ಯವಿದೆ. ಬೇರೆ ದಿನಗಳಲ್ಲಿ ವೃಂದದವರು ಓಬೋ ಎಂಬ ವಾದ್ಯದ ಸ್ವರಕ್ಕೆ ತಮ್ಮ ಶ್ರುತಿ ಹೊಂದಿಸಿಕೊಳ್ಳುತ್ತಾರೆ. ಪಿಯಾನೋ ಬಂದ ದಿನ ಎಲ್ಲರೂ ಪಿಯಾನೋಗೇ ತಲೆಬಾಗಬೇಕು. ಏಕೆಂದರೆ ಇನ್ನೂರಕ್ಕೂ ಹೆಚ್ಚು ತಂತಿಗಳ ಆ ವಾದ್ಯದ ಶ್ರುತಿಯನ್ನು ವೇದಿಕೆಯ ಮೇಲೆ ಆ ಕ್ಷಣದಲ್ಲಿ ಬದಲಿಸಲಾಗದು. ಅತಿಥಿ ವಾದಕ ಬರುವುದು ಕಚೇರಿಯ ಹಿಂದಿನ ದಿನವೋ ಅದೇ ದಿನವೋ. ಒಂದೆರಡು ತಾಲೀಮಿನಲ್ಲಿ ಅಪರಿಚಿತನ ಉಸಿರಾಟವನ್ನು ಎಂಬತ್ತು ಮಂದಿ ಅರಿತುಕೊಳ್ಳಬೇಕು. ವರ್ಷವಿಡೀ ಒಟ್ಟಿಗೆ ನುಡಿಸುವ ಊರಿನ ವೃಂದದ ಬೆಲೆ ತಿಳಿಯುವುದು ಆಗ.

1895ರಲ್ಲಿ ಹಾಲೆ ತೀರಿಕೊಂಡ. ಸಾಯುವ ಎರಡು ವರ್ಷ ಮೊದಲು ಊರಿನಲ್ಲಿ ಸಂಗೀತ ಕಾಲೇಜನ್ನೂ ತೆರೆದಿದ್ದ. ಮುಂದೆ 1962ರಲ್ಲಿ ಮಾಸ್ಕೋದ ಚೈಕೋವ್‌ಸ್ಕಿ ಸ್ಪರ್ಧೆಯಲ್ಲಿ ಆಶ್ಕೆನಾಜಿಯೊಂದಿಗೆ ಪ್ರಥಮ ಬಹುಮಾನ ಹಂಚಿಕೊಂಡ ಜಾನ್ ಆಗ್ಡನ್ ಅದೇ ಕಾಲೇಜಿನ ವಿದ್ಯಾರ್ಥಿ. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಫ್ರೀ ಟ್ರೇಡ್ ಹಾಲ್ ನಾಶವಾಯಿತು. 1943ರಲ್ಲಿ ಜಾನ್ ಬಾರ್ಬಿರೋಲಿ ನ್ಯೂಯಾರ್ಕಿನಿಂದ ಬಂದಾಗ ವೃಂದದಲ್ಲಿ ಉಳಿದಿದ್ದವರು ಮೂವತ್ತರ ಆಸುಪಾಸು. ಎಳೆಯರನ್ನೆಲ್ಲ ಸೇರಿಸಿಕೊಂಡು ಒಂದು ತಿಂಗಳಲ್ಲಿ ತಂಡ ಕಟ್ಟಿದ. 1951ರಲ್ಲಿ ಹಾಲ್ ಮತ್ತೆ ತೆರೆಯುವವರೆಗೂ, ಸರ್ಕಸ್ ನಡೆಯುತ್ತಿದ್ದ ಬೆಲ್ ವ್ಯೂನ ಕಿಂಗ್ಸ್ ಹಾಲಿನಲ್ಲೂ ಕಚೇರಿಗಳಾದವು.

ಬಾರ್ಬಿರೋಲಿಯ ಜೊತೆಗಾರನಾಗಿ 1952ರಲ್ಲಿ ಹಾಲೆ ವೃಂದ ಸೇರಿದ ನಿರ್ದೇಶಕ ಜಾರ್ಜ್ ವೆಲ್ಡನ್. ಈ ಹೆಸರನ್ನು ಹಿಡಿದು ಹೊರಟರೆ ದಾರಿ ನೇರ ಮೈಸೂರಿಗೆ ಬರುತ್ತದೆ! ರಷ್ಯಾದ ಪಿಯಾನೋ ವಾದಕ, ರಚನೆಕಾರ ನಿಕೊಲಾಯ್ ಮೆಟ್ನರ್ ಇಳಿವಯಸ್ಸಿನಲ್ಲಿ ಲಂಡನ್ನಿನಲ್ಲಿ ಕಷ್ಟದಲ್ಲಿದ್ದ. ಸ್ವತಃ ಪಿಯಾನೋ ಕಲಿತಿದ್ದ ಜಯಚಾಮರಾಜ ಒಡೆಯರು ಅವನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. 1947ರಲ್ಲಿ ಮೆಟ್ನರನೇ ಪಿಯಾನೋ ಮುಂದೆ ಕುಳಿತು ತನ್ನ ಮೂರೂ ಕನ್ಚರ್ಟೊಗಳನ್ನು ಲಂಡನ್ನಿನ ಫಿಲ್‌ಹಾರ್ಮೋನಿಯಾ ವೃಂದದೊಂದಿಗೆ ನುಡಿಸಿದ. ಮೊದಲನೆಯದನ್ನು ನಿರ್ದೇಶಿಸಿದವನು ಆಗ ಬರ್ಮಿಂಗ್‌ಹ್ಯಾಮಿನ ವೃಂದದ ಮುಖ್ಯಸ್ಥನಾಗಿದ್ದ ಇದೇ ವೆಲ್ಡನ್. ಮೂರನೆಯ ಕನ್ಚರ್ಟೊವನ್ನು ಮೆಟ್ನರ್ ಮೈಸೂರಿನ ಮಹಾರಾಜರಿಗೇ ಅರ್ಪಿಸಿದ್ದಾನೆ. ಶ್ರೀವಿದ್ಯಾ ಅಂಕಿತದ ಕೃತಿಗಳಿಂದ ಒಡೆಯರನ್ನು ಬಲ್ಲ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಈ ಲೇಖನಕ್ಕೆ ಓದುವವರೆಗೆ ನನಗಂತೂ ಗೊತ್ತಿರಲಿಲ್ಲ.

ಹಾಲೆ ವೃಂದಕ್ಕೆ 1996ರಲ್ಲಿ ಬ್ರಿಜ್‌ವಾಟರ್ ಹಾಲ್ ಎಂಬ ಹೊಸ ಸಭಾಂಗಣ ಸಿಕ್ಕಿತು. ಎರಡೇ ವರ್ಷದಲ್ಲಿ ದಿವಾಳಿಯ ಅಂಚಿಗೂ ಬಂದು ನಿಂತಿತು. ಊರಿನವರ ದೇಣಿಗೆಯೂ ಸೇರಿ ಅದನ್ನು ಉಳಿಸಿತು. 2000ದಿಂದ 2024ರವರೆಗೆ ಮಾರ್ಕ್ ಎಲ್ಡರ್ ಅದನ್ನು ಮುನ್ನಡೆಸಿದ. ಇಂಥ ವೃಂದಗಳಿಗೆ ಹೆಸರುವಾಸಿ ಪಿಯಾನೋ ವಾದಕರು ಬೇಕು, ಟಿಕೆಟ್ ಮಾರಾಟವಾಗಲು. ಹೆಸರು ಮಾಡದ ವಾದಕರಿಗೆ ಇಂಥ ವೃಂದಗಳು ಬೇಕು. ಮನೆಯಲ್ಲಿ ಹತ್ತು ವರ್ಷ ಅಭ್ಯಾಸ ಮಾಡಬಹುದು, ಎಂಬತ್ತು ಜನರ ಜೊತೆ ನುಡಿಸುವುದನ್ನು ಮನೆಯಲ್ಲಿ ಕಲಿಯಲಾಗದು.

1963ರಲ್ಲಿ ಆರಂಭವಾದ ಲೀಡ್ಸ್ ನಗರದ ಪಿಯಾನೋ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ಅಭ್ಯರ್ಥಿಗಳು ವೃಂದದೊಂದಿಗೇ ನುಡಿಸಬೇಕು. ಮರ್ರೆ ಪೆರಾಯಾ, ರಾಡು ಲುಪು ಗೆದ್ದ ಸ್ಪರ್ಧೆ ಇದು. 2018ರಲ್ಲಿ ಅಲ್ಲಿಯ ಟೌನ್ ಹಾಲಿನಲ್ಲಿ ಇಪ್ಪತ್ತರ ಹುಡುಗ ಎರಿಕ್ ಲು ಆರಿಸಿಕೊಂಡದ್ದು ಬೀಥೋವನನ ನಾಲ್ಕನೆಯ ಕನ್ಚರ್ಟೊ. ಅದು ಆರಂಭವಾಗುವುದು ವೃಂದದ ಅಬ್ಬರದಿಂದಲ್ಲ. ಪಿಯಾನೋ ಒಂದೇ, ಮೆಲ್ಲಗೆ, ಒಂದು ಪ್ರಶ್ನೆಯಂತೆ ಐದು ಅಳತೆ ನುಡಿದು ನಿಲ್ಲುತ್ತದೆ. ಆಮೇಲೆ ತಂತಿವಾದ್ಯಗಳು ಅಷ್ಟೇ ಮೆಲ್ಲಗೆ, ನಿರೀಕ್ಷಿಸದ ಬೇರೊಂದು ಶ್ರುತಿಯಿಂದ ಉತ್ತರ ಕೊಡುತ್ತವೆ. ಆ ಸಂಜೆ ಉತ್ತರ ಕೊಟ್ಟದ್ದು ಹಾಲೆ ವೃಂದ. ಮೊದಲ ಬಹುಮಾನ ಆ ಹುಡುಗನಿಗೇ ಬಂತು.